ಈಸ್ ಹಾಕ್ಬೇಕಾ, ಆರ್ ಹಾಕ್ಬೇಕಾ?

ಕೋಲಾರದಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳುವ ನನಗೆ ಮಕ್ಕಳೂ ಕೇಳುತ್ತಾರೆ, ಅವರ ಅಪ್ಪಂದಿರೂ ಕೇಳುತ್ತಾರೆ: ‘ಮೇಷ್ಟ್ರೇ, ಎ ಬಾಕ್ಸ್ ಆಫ್ ಟೊಮ್ಯಾಟೋಸ್ ಅಂದ್ಮೇಲೆ ಈಸ್ ಹಾಕ್ಬೇಕಾ, ಆರ್ ಹಾಕ್ಬೇಕಾ?’ ಟೊಮ್ಯಾಟೊ ಮಂಡಿ ಇರೋ ಊರಲ್ವಾ, ಉದಾಹರಣೆಯೂ ಅಲ್ಲಿಂದಲೇ ಬರುತ್ತದೆ.

ಈಸ್ ಹಾಕಿ. ಅಲ್ಲಿ ಮುಖ್ಯ ನಾಮಪದ ಬಾಕ್ಸ್. ಒಳಗೇನಿದೆ ಅಂತ ‘ಆಫ್ ಟೊಮ್ಯಾಟೋಸ್’ ಹೇಳುತ್ತದೆ, ಅಷ್ಟೆ.

ಇದನ್ನೇ ಹಿಡಿದುಕೊಂಡು ‘ಆಫ್‌ಗೆ ಮೊದಲು ಬರೋ ಪದ ನೋಡು’ ಅಂತ ಬಾಯಿಪಾಠ ಮಾಡಿಸುವವರಿದ್ದಾರೆ. ‘ಎ ಲಾಟ್ ಆಫ್ ಟೊಮ್ಯಾಟೋಸ್’ ಬಂದ ಕೂಡಲೇ ಆ ಸೂತ್ರ ಕೈಕೊಡುತ್ತದೆ. ಇಲ್ಲಿ ಆರ್ ಬೇಕು.

ನಾನು ಸೂತ್ರ ಹೇಳಲ್ಲ, ಒಂದು ಪರೀಕ್ಷೆ ಹೇಳುತ್ತೇನೆ. ಆಫ್ ಆದಮೇಲಿನದನ್ನು ಮುಟ್ಟಬೇಡಿ, ಮೊದಲಿನ ಪದವನ್ನು ಮಾತ್ರ ಬಹುವಚನ ಮಾಡಿ. ‘ಎ ಬಾಟಲ್ ಆಫ್ ವಾಟರ್ ಈಸ್’, ‘ಟೂ ಬಾಟಲ್ಸ್ ಆಫ್ ವಾಟರ್ ಆರ್’. ಕ್ರಿಯಾಪದ ಬದಲಾಯಿತು. ಹಾಗಾದರೆ ಬಾಟಲ್ಲೇ ಯಜಮಾನ. ಈಗ ‘ಎ ಲಾಟ್ ಆಫ್ ವಾಟರ್ ಈಸ್’ ತಗೊಳ್ಳಿ. ‘ಲಾಟ್ಸ್ ಆಫ್ ವಾಟರ್’ ಮಾಡಿದರೂ ಈಸ್ ಅಲುಗಲ್ಲ. ಲಾಟ್‌ಗೆ ಎಸ್ ಅಂಟಿಸಿದರೂ ಕೇಳುವವರಿಲ್ಲ. ಅದಕ್ಕೆ ‘ತುಂಬಾ’ ಅನ್ನೋದಷ್ಟೇ ಕೆಲಸ, ವಾಕ್ಯ ನಡೆಸೋದು ವಾಟರ್.

ಆದರೆ ಮಂಡಿಯಲ್ಲಿ ಹರಾಜಿಗೆ ಇಟ್ಟಿರುವ ಲಾಟ್ ಬೇರೆ. ‘ದಿಸ್ ಲಾಟ್ ಆಫ್ ಟೊಮ್ಯಾಟೋಸ್ ಈಸ್ ಸೋಲ್ಡ್’ ಅಂದರೆ ಅಲ್ಲಿ ಲಾಟ್ ನಿಜವಾದ ವಸ್ತು, ಕೈಯಿಟ್ಟು ತೋರಿಸಬಹುದು. ಎರಡು ಲಾಟ್ ಆದರೆ ಆರ್ ಬರುತ್ತದೆ. ಪದ ಅದೇ, ಕೆಲಸ ಬೇರೆ.

‘ಎ ನಂಬರ್ ಆಫ್ ಫಾರ್ಮರ್ಸ್ ಆರ್’ ಅಂದರೆ ಹಲವು ರೈತರು. ‘ದ ನಂಬರ್ ಆಫ್ ಫಾರ್ಮರ್ಸ್ ಈಸ್’ ಅಂದರೆ ಅವರ ಸಂಖ್ಯೆ. ಒಂದೇ ಒಂದು ‘ದ’ ಯಜಮಾನನನ್ನೇ ಬದಲಿಸಿಬಿಡುತ್ತದೆ!

ದುಡ್ಡು, ತೂಕವನ್ನು ಒಂದೇ ಮೊತ್ತವಾಗಿ ಹೇಳುವಾಗ ಈಸ್. 2023ರ ಜುಲೈನಲ್ಲಿ ಇಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಆಗ ‘ಟೂ ಥೌಸಂಡ್ ರುಪೀಸ್ ಈಸ್ ಟೂ ಮಚ್’ ಅನ್ನಬೇಕಿತ್ತು. ನೋಟು ಎಣಿಸುತ್ತಿಲ್ಲ, ರೇಟು ಹೇಳುತ್ತಿದ್ದೇವೆ.

ನಮಗೆ ಇದೆಲ್ಲ ಕಷ್ಟ ಅನ್ನಿಸೋದು ಸಹಜ. ಕನ್ನಡದಲ್ಲಿ ಬಾಕ್ಸ್ ಹತ್ತಿದ್ದರೂ ‘ಹತ್ತು ಬಾಕ್ಸ್ ಬಂತು’ ಅಂತ ಏಕವಚನದಲ್ಲೇ ಸುಮ್ನೆ ಹೇಳಿ ಮುಗಿಸುವವರು ನಾವು.

‘ಎ ಗ್ರೂಪ್ ಆಫ್ ಸ್ಟೂಡೆಂಟ್ಸ್’ಗೆ ಮಾತ್ರ ಎರಡೂ ನಡೆಯುತ್ತದೆ. ಬ್ರಿಟಿಷರು ಆರ್ ಕೂಡ ಹಾಕುತ್ತಾರೆ, ಅಮೆರಿಕದವರು ಜಾಸ್ತಿ ಈಸ್. ಪರೀಕ್ಷೆಯಲ್ಲಿ ಬಂದರೆ ಈಸ್ ಬರೆದು ಮುಂದಿನ ಪ್ರಶ್ನೆಗೆ ಹೋಗಿ.