ಕುವೈತ್ ವೀಸಾ: 18 ಹೌದೋ, 20 ಹೌದೋ?

ಕುಂದಾಪುರದಿಂದ ಅತ್ತೆ ಮಗ ವಾಟ್ಸಾಪಿನಲ್ಲಿ ವೀಸಾದ ಫೋಟೊ ಕಳಿಸಿದ. 'ಅಣ್ಣ, ಕುವೈತಿನಲ್ಲಿ ಹೋಟೆಲ್ ಕೆಲಸ. ಏಜೆಂಟ್ ಒಂದೂವರೆ ಲಕ್ಷ ಕೇಳ್ತಿದ್ದಾನೆ, ಕೊಡ್ಲಾ?'

ನಾನು ಮೊದಲು ನೋಡಿದ್ದು ವೀಸಾದ ಬಗೆ. ಆರ್ಟಿಕಲ್ 20. ಅಂದರೆ ಮನೆಗೆಲಸದ್ದು. ಖಾಸಗಿ ಕಂಪನಿ ಕೆಲಸಕ್ಕೆ 18 ಬೇಕು. 20ರಲ್ಲಿ ಹೋಗಿ ಹೋಟೆಲಿನಲ್ಲಿ ದುಡಿದರೆ ಪೊಲೀಸರ ಕೈಗೆ ಸಿಗುವವನು ಇವನು, ಏಜೆಂಟ್ ಅಲ್ಲ.

ದುಡ್ಡಿನ ಕತೆ ಇನ್ನೂ ಚೆಂದ. ನೋಂದಾಯಿತ ಏಜೆಂಟ್ ಸೇವಾ ಶುಲ್ಕ ಅಂತ 30,000 ರೂಪಾಯಿ, ಅದರ ಮೇಲಿನ ಜಿಎಸ್‌ಟಿ ಬಿಟ್ಟು ಜಾಸ್ತಿ ತಗೊಳ್ಳುವ ಹಾಗಿಲ್ಲ. ರಸೀದಿ ಕೇಳು, ವಿದೇಶಕ್ಕೆ ಕೆಲಸಕ್ಕೆ ಹೋಗುವವರಿಗಾಗಿ ಕೇಂದ್ರ ಸರ್ಕಾರ ನಡೆಸುವ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಅವನ ಲೈಸೆನ್ಸ್ ಹುಡುಕು ಅಂದೆ. ಪಟ್ಟಿಯಲ್ಲಿ ಹೆಸರೇ ಇಲ್ಲ. ರಸೀದಿ ಕೇಳಿದ್ದಕ್ಕೆ, 'ನಮ್ದೆಲ್ಲ ನಂಬಿಕೆ ಮೇಲೆ ವ್ಯವಹಾರ' ಅಂದನಂತೆ!

ಹುಡುಗ ಹತ್ತನೇ ಕ್ಲಾಸ್ ಪಾಸಾಗಿಲ್ಲ, ಪಾಸ್‌ಪೋರ್ಟ್ ಇಸಿಆರ್ ಬಗೆಯದು. ಅಂದರೆ ಕುವೈತಿಗೆ ಕೆಲಸಕ್ಕೆ ಹೋಗಲು ಎಮಿಗ್ರೇಶನ್ ಕ್ಲಿಯರೆನ್ಸ್, ಅಂದರೆ ನಮ್ಮ ಸರ್ಕಾರದ ಅನುಮತಿ, ಬೇಕೇ ಬೇಕು. ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ವಿಮೆಯೂ ಕಡ್ಡಾಯ. 'ಮೊದಲು ವಿಸಿಟ್ ವೀಸಾದಲ್ಲಿ ದುಬೈಗೆ ಹೋಗು, ಅಲ್ಲಿಂದ ನಾನು ನೋಡ್ಕೊಳ್ತೀನಿ' ಅಂತ ಏಜೆಂಟ್ ಹೇಳಿದ್ದು ಇದನ್ನೆಲ್ಲ ತಪ್ಪಿಸೋಕೇ ಅಲ್ವಾ?

ಅತ್ತೆಗೆ ಈಗ ನನ್ನ ಮೇಲೆ ಸಿಟ್ಟು. ಪಕ್ಕದ ಮನೆ ಹುಡುಗ ಹೀಗೇ ಹೋಗಿದ್ದಾನಂತೆ. ಅವನ ಪಾಸ್‌ಪೋರ್ಟ್ ಈಗ ಯಾರ ಹತ್ರ ಇದೆ ಅಂತ ಕೇಳಿ ನೋಡಿ ಅಂದಿದ್ದೇನೆ.