ಕಾಲು ಮೊದಲು, ಎದೆ ಆಮೇಲೆ

18 ಆಗಸ್ಟ್ 2024, ಭಾನುವಾರ

ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾದಾಗ ಕೋಳಿ ವ್ಯಾಪಾರದವರು ಬಂದಿದ್ದರು. ನಮ್ಮ ಬಿಳಿ ಪೆಕಿನ್ ಬಾತುಮರಿಗಳಿಗೆ ಈಗ ಹತ್ತಿರ ಹತ್ತಿರ ಒಂದು ತಿಂಗಳು. ಒಂದನ್ನು ಎತ್ತಿ, ಎದೆಮೂಳೆಯ ಎರಡೂ ಬದಿ ಬೆರಳಾಡಿಸಿ, ಕೆಳಗೆ ಬಿಟ್ಟರು.

"ಏನಕ್ಕಾ, ಬರೀ ಎಲುಬು! ತಿನ್ನೋಕೆ ಹಾಕಲ್ವಾ?"

"ತೊಡೆ ಮುಟ್ಟಿ ನೋಡಿ" ಅಂದೆ. ತೊಡೆ ಗಟ್ಟಿಯಾಗಿ ತುಂಬಿಕೊಂಡಿತ್ತು. ಊಟ ಕಡಿಮೆಯಾಗಿದ್ದರೆ ತೊಡೆಯೂ ಸೊರಗಬೇಕಿತ್ತು, ಅಲ್ವಾ? ಅವರು ತಲೆ ಕೆರೆದುಕೊಂಡು ಹೋದರು. ಅಂಗಳದಲ್ಲಿ ಬೈಕ್ ಆಫ್ ಮಾಡದೆ ನಿಂತವರಿಗೆ ಇದನ್ನೆಲ್ಲ ವಿವರಿಸೋಕೆ ಆಗಲ್ಲ. ಇಲ್ಲಿ ಬರೆಯುತ್ತೇನೆ.

ಬಾತಿನ ಮೈ ಒಂದೇ ಸಮ ಬೆಳೆಯುವುದಿಲ್ಲ. ಯಾವ ಭಾಗ ಮೊದಲು ಬೇಕೋ ಅದು ಮೊದಲು ತುಂಬಿಕೊಳ್ಳುತ್ತದೆ. ಈ ಲೆಕ್ಕ ಮೊಟ್ಟೆಯೊಳಗೇ ಶುರುವಾಗುತ್ತದೆ. ಕಾವು ಕೂತ ಕೆಲವೇ ದಿನಗಳಲ್ಲಿ ಬೆನ್ನಿನ ಉದ್ದಕ್ಕೂ ಎರಡು ಸಾಲು ಪುಟ್ಟ ಗಂಟುಗಳು ಕಟ್ಟುತ್ತವೆ. ಅಲ್ಲಿಂದ ಹೊರಟ ಕೋಶಗಳು ಕಾಲು, ರೆಕ್ಕೆ, ಎದೆಯ ಜಾಗ ಸೇರುತ್ತವೆ. ಅಲ್ಲಿ ಒಂದಕ್ಕೊಂದು ಬೆಸೆದುಕೊಂಡು ಉದ್ದನೆಯ ಸ್ನಾಯು ನಾರುಗಳಾಗುತ್ತವೆ. ಮರಿ ಹೊರಬರುವ ಹೊತ್ತಿಗೆ ನಾರುಗಳ ಸಂಖ್ಯೆ ಹೆಚ್ಚುಕಡಿಮೆ ಗಟ್ಟಿಯಾಗಿರುತ್ತದೆ. ಆಮೇಲೆ ಹೊಸ ನಾರು ಹುಟ್ಟುವುದಕ್ಕಿಂತ ಇದ್ದ ನಾರುಗಳೇ ದಪ್ಪವಾಗುವುದು ಜಾಸ್ತಿ. ಅದಕ್ಕೆ ಕೈಜೋಡಿಸುವವು ನಾರಿಗೆ ಅಂಟಿಕೊಂಡೇ ಕೂತಿರುವ ಸಣ್ಣ ಕೋಶಗಳು. ಅಲೆಕ್ಸಾಂಡರ್ ಮೌರೋ ಎಂಬ ವಿಜ್ಞಾನಿ 1961ರಲ್ಲಿ ಕಪ್ಪೆಯ ಕಾಲಿನ ಸ್ನಾಯುವಿನಲ್ಲಿ ಅವುಗಳನ್ನು ಮೊದಲು ಕಂಡರು.

ನನಗೆ ತುಂಬಾ ಇಷ್ಟವಾದ ವಿಷಯ ಕುತ್ತಿಗೆಯದ್ದು. ಮೊಟ್ಟೆ ಒಡೆಯುವ ಸಮಯ ಹತ್ತಿರ ಬಂದಂತೆ ಮರಿಯ ಕತ್ತಿನ ಹಿಂಭಾಗದ ಒಂದು ಸ್ನಾಯು ನೀರು ತುಂಬಿಕೊಂಡು ಊದುತ್ತದೆ. ಕೊಕ್ಕಿನ ತುದಿಯಲ್ಲಿ ಒಂದು ಪುಟ್ಟ ಗಟ್ಟಿ ಮೊನೆ ಇರುತ್ತದೆ. ಈ ಸ್ನಾಯು ತಲೆಯನ್ನು ಮೇಲಕ್ಕೆ ಜಗ್ಗಿದಾಗ ಆ ಮೊನೆ ಚಿಪ್ಪಿಗೆ ಬಡಿಯುತ್ತದೆ. ಮರಿ ಹೊರಬಂದ ಕೆಲವೇ ದಿನಗಳಲ್ಲಿ ಊತ ಇಳಿದುಹೋಗುತ್ತದೆ. ಹಾರ್ವೆ ಫಿಶರ್ ಎಂಬ ಅಮೆರಿಕದ ಪಕ್ಷಿತಜ್ಞರು 1958ರಲ್ಲಿ ಕೋಳಿಮರಿಯ ಈ ಸ್ನಾಯುವಿನ ಬಗ್ಗೆ ಬರೆದರು, ಆಮೇಲೆ ಬಾತುಗಳಲ್ಲೂ ಅದನ್ನು ನೋಡಿದರು. ಹೊಸದಾಗಿ ಹುಟ್ಟಿದ ಮರಿಯ ಕುತ್ತಿಗೆ ದಪ್ಪ ಕಂಡರೆ ರೋಗ ಅಂತ ಹೆದರಬೇಡಿ.

ಚಿಪ್ಪಿನಲ್ಲಿ ಮೊದಲ ಬಿರುಕು ಕಂಡ ಮೇಲೆ ಬಾತುಮರಿ ಹೊರಬರಲು ಒಂದು ದಿನ, ಕೆಲವೊಮ್ಮೆ ಎರಡು ದಿನ ಬೇಕು. ಪಕ್ಕದ ಮನೆ ಹುಡುಗನಿಗೆ ಅಷ್ಟು ತಾಳ್ಮೆ ಎಲ್ಲಿ! "ಸುಮ್ನೆ ಸುಲಿದುಬಿಡೋಣ ಅತ್ತೆ" ಅಂತಾನೆ. ಬೇಡ. ಆ ಹೊತ್ತಿಗೆ ಮರಿ ಮಿಕ್ಕ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿರುತ್ತದೆ, ಚಿಪ್ಪಿನ ಒಳಪೊರೆಯಲ್ಲಿ ರಕ್ತ ಇನ್ನೂ ಓಡುತ್ತಿರುತ್ತದೆ. ಅವಸರದಲ್ಲಿ ಸುಲಿದರೆ ರಕ್ತ ಸೋರಿ ಮರಿ ಸಾಯಬಹುದು.

ಇಷ್ಟು ಕೆಲಸಕ್ಕೆ ಶಕ್ತಿ ಎಲ್ಲಿಂದ? ಪೆಕಿನ್ ಬಾತಿಗೆ ಕಾವು 28 ದಿನ. ಕೊನೆಯ ವಾರದಲ್ಲಿ ಒಳಗೆ ಗಾಳಿ ಸಾಲದಂತಾಗುತ್ತದೆ. ಆಗ ಮರಿ ಪಿತ್ತಜನಕಾಂಗದಲ್ಲೂ ಸ್ನಾಯುವಿನಲ್ಲೂ ಕೂಡಿಟ್ಟ ಸಕ್ಕರೆ ದಾಸ್ತಾನನ್ನು ಖರ್ಚು ಮಾಡುತ್ತದೆ. ಸಾಲದಿದ್ದರೆ ಸ್ನಾಯುವಿನ ಪ್ರೋಟೀನನ್ನೇ ಕರಗಿಸುತ್ತದೆ. ಕಾಲನ್ನು ಕರಗಿಸುವ ಹಾಗಿಲ್ಲ, ಹೊರಗೆ ಬಂದ ದಿನವೇ ತಾಯಿ ಹಿಂದೆ ಓಡಬೇಕು, ನೀರಿಗಿಳಿಯಬೇಕು. ಹಾಗಾಗಿ ಹೊಡೆತ ಬೀಳುವುದು ಎದೆಗೆ. ಆಪತ್ತಿಗೆ ಮನೆಯವರು ಒಡವೆ ಅಡವಿಟ್ಟ ಹಾಗೆ! ಆ ದಿನಗಳಲ್ಲಿ ಕಾಲಿನ ಸ್ನಾಯು ಬೆಳೆಯುತ್ತಲೇ ಇದ್ದರೂ ಎದೆಯ ಬೆಳವಣಿಗೆ ನಿಂತೇಹೋದಂತೆ ಇರುತ್ತದೆ.

ಹೊರಗೆ ಬಂದ ಮೇಲೂ ಎದೆಗೆ ಅವಸರವಿಲ್ಲ. ಮೊದಲ ಮೂರು ವಾರ ಕಾಲಿನದ್ದೇ ಕಾರುಬಾರು. ನಾಲ್ಕನೇ ವಾರದ ಹೊತ್ತಿಗೆ ಎದೆ ನಿಧಾನಕ್ಕೆ ಎದ್ದೇಳುತ್ತದೆ, ಐದರಿಂದ ಏಳನೇ ವಾರದೊಳಗೆ ನೋಡನೋಡುತ್ತ ತುಂಬುತ್ತದೆ. ಬ್ರಾಯ್ಲರ್ ಕೋಳಿಯನ್ನು ನೋಡಿ ರೂಢಿಯಾದವರಿಗೆ ಇದು ವಿಚಿತ್ರ ಅನ್ನಿಸುತ್ತದೆ, ಯಾಕೆಂದರೆ ಅದರ ಎದೆ ಮೊದಲ ವಾರದಿಂದಲೇ ಉಬ್ಬುತ್ತದೆ.

ಪೆಕಿನ್ ಬಾತಿನ ಮೂಲ ಮಲ್ಲಾರ್ಡ್ ಎಂಬ ಕಾಡುಬಾತು. ಅದರ ಮರಿ ಹಾರುವುದು 50-60 ದಿನಕ್ಕೆ. ಅಲ್ಲಿಯವರೆಗೆ ನಡಿಗೆ, ಈಜು ಅಷ್ಟೆ. ರೆಕ್ಕೆ ಬಡಿಯುವ ಸ್ನಾಯು ಇರುವುದು ಎದೆಯಲ್ಲಿ. ಹಾರದ ಮರಿ ಅದನ್ನು ಹೊತ್ತು ತಿರುಗಿ ಏನು ಮಾಡಬೇಕು? ನಮ್ಮ ಪೆಕಿನ್ ಬೇಲಿಯನ್ನೂ ಹಾರಲಾರದು. ಆದರೂ ಮೈಯೊಳಗಿನ ಕ್ಯಾಲೆಂಡರ್ ಇನ್ನೂ ಕಾಡಿನದ್ದೇ. ಬಾತಿನ ಎದೆಮಾಂಸ ಕೋಳಿಯದ್ದರಂತೆ ಬೆಳ್ಳಗಿರದೆ ಕೆಂಪಗಿರುವುದೂ ಇದೇ ಮೂಲದಿಂದ. ಬಹುದೂರ ಹಾರುವ ಹಕ್ಕಿಯ ನಾರುಗಳಲ್ಲಿ ಆಮ್ಲಜನಕ ಹಿಡಿದಿಡುವ ಕೆಂಪು ಪ್ರೋಟೀನು ಜಾಸ್ತಿ.

ಈ ಕೊಡು-ಕೊಳ್ಳುವ ಲೆಕ್ಕ ದೊಡ್ಡದಾದ ಮೇಲೂ ಮುಗಿಯುವುದಿಲ್ಲ. ಬಾತು, ಹೆಬ್ಬಾತುಗಳು ಹಾರುವ ಗರಿಗಳನ್ನು ಒಟ್ಟಿಗೇ ಉದುರಿಸುತ್ತವೆ, ಕೆಲವು ವಾರ ಹಾರಲಾಗುವುದಿಲ್ಲ. ಈ ಗುಂಪಿನ ಹಲವು ಹಕ್ಕಿಗಳಲ್ಲಿ ಆಗ ಎದೆಯ ಸ್ನಾಯು ಕುಗ್ಗಿ ಕಾಲಿನದ್ದು ಹಿಗ್ಗುತ್ತದೆ. ಹೊಸ ಗರಿ ಬಂದಂತೆ ಎಲ್ಲ ತಿರುವುಮುರುವು. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಗರಿ ಉದುರಿಸುವ ಕೆಲಸವನ್ನು ಮಧ್ಯ ಏಷ್ಯಾದ ಕಡೆಯೇ ಮುಗಿಸಿರುತ್ತವೆ. ಎದೆ ಮತ್ತೆ ತುಂಬಿಕೊಂಡ ಮೇಲೆ ಹಿಮಾಲಯ ದಾಟುತ್ತವೆ.

ಹಾಗಾಗಿ ಬಾತನ್ನು ತಿಂಗಳಿಗೇ ಮಾರುವುದು ಶುದ್ಧ ನಷ್ಟ ಅನ್ನುವುದು ನನ್ನ ಅಭಿಪ್ರಾಯ. ಮೈತೂಕ ಬಂದಿರುತ್ತದೆ, ಎದೆ ಬಂದಿರುವುದಿಲ್ಲ. ಏಳನೇ ವಾರ ದಾಟಿಸಿ ಸುಮ್ನೆ ಇಟ್ಟುಕೊಂಡರೂ ತೌಡಿನ ಖರ್ಚು ಏರುತ್ತದೆ, ಅದೂ ಅತಿಯಾಗಬಾರದು.

ಮೊದಲ ವಾರಗಳಲ್ಲಿ ನೋಡಬೇಕಾದ್ದು ಎದೆಯನ್ನಲ್ಲ, ಕಾಲನ್ನು. ಬಾತುಮರಿಗೆ ನಯಾಸಿನ್ ಎಂಬ ಬಿ ವಿಟಮಿನ್ ಕೋಳಿಮರಿಗಿಂತ ಜಾಸ್ತಿ ಬೇಕು. ಬರೀ ಕೋಳಿಮರಿ ಫೀಡ್ ಹಾಕಿದರೆ ಕೆಲವು ಮರಿಗಳ ಕಾಲು ಬಿಲ್ಲಿನಂತೆ ಬಾಗಿ, ನಡೆಯಲಾರದೆ ಕೂತುಬಿಡುತ್ತವೆ. ಹೇಂಟೆಯ ಕೆಳಗಿರುವ ಮೊಟ್ಟೆಗಳು ಈ ವಾರ ಒಡೆಯಬಹುದು. ನಾಳೆ ಪೇಟೆಗೆ ಹೋದಾಗ ಫೀಡಿಗೆ ಬೆರೆಸಲು ಈಸ್ಟ್ ಪುಡಿ ತರಬೇಕು. ನೀರಿಡಲು ಮರಿ ಮುಳುಗದಂಥ ತಗ್ಗು ತಟ್ಟೆಯೂ ಒಂದು.