ಡಿಪ್ಸ್‌ಗೆ ಯಾವ ಬೆಲ್ಟ್ ತೆಗೊಳ್ಳುದು ಅಣ್ಣ?

ನಾನು ಸೊಂಟಕ್ಕೆ ತೂಕ ಕಟ್ಟಿಕೊಂಡು ಡಿಪ್ಸ್ (ಎರಡು ಸರಳಿನ ಮೇಲೆ ಕೈಯೂರಿ ಮೈಯನ್ನು ಇಳಿಸಿ ಏರಿಸುವುದು), ಪುಲ್‌ಅಪ್ಸ್ ಮಾಡುವುದನ್ನು ಯಾರಾದರೂ ನೋಡಿದರೆ ಸಾಕು, ಸೆಟ್ ಮುಗಿಯುವ ಹೊತ್ತಿಗೆ ಮೊಬೈಲ್ ಹಿಡಿದುಕೊಂಡು ಹತ್ತಿರ ಬರುತ್ತಾರೆ. ಪರದೆಯಲ್ಲಿ ನಾಲ್ಕೈದು ಬೆಲ್ಟಿನ ಫೋಟೋ. "ಅಣ್ಣ, ಇದರಲ್ಲಿ ಯಾವುದು ತೆಗೊಳ್ಳುದು? ಲೆದರಾ, ನೈಲಾನಾ?" ವಾಟ್ಸಾಪಿನಲ್ಲಿ ಕೇಳುವವರು ಬೇರೆ. ಪ್ರತಿ ಸಲ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆದಿಡುತ್ತೇನೆ, ಇನ್ನು ಲಿಂಕ್ ಕಳಿಸಿದರೆ ಆಯ್ತು.

ಚುಟುಕು ಉತ್ತರ: ನೀವು ಮಂಗಳೂರು, ಉಡುಪಿ ಕಡೆಯವರಾಗಿದ್ದು, ಕಟ್ಟುವ ತೂಕ 30 ಕಿಲೋದ ಒಳಗಿದ್ದರೆ ಅಗಲವಾದ ನೈಲಾನ್ ಬೆಲ್ಟ್ ತೆಗೊಳ್ಳಿ. ಆದರೆ ಬೆಲ್ಟು ಯಾವುದರದ್ದು ಎಂದು ನೋಡುವ ಮೊದಲು ಅದರ ರಿಂಗು, ಪ್ಲೇಟ್ (ತೂಕದ ಬಿಲ್ಲೆ) ಪೋಣಿಸುವ ಚೈನು, ಹುಕ್ಕು ನೋಡಿ. ನಮ್ಮ ಊರಿನಲ್ಲಿ ಮೊದಲು ಕೈಕೊಡುವುದು ಕಬ್ಬಿಣ.

ಅದಕ್ಕೂ ಮೊದಲು ಒಂದು ಗೊಂದಲ ತೀರಿಸಬೇಕು. ಇಲ್ಲಿ ಪವರ್‌ಲಿಫ್ಟಿಂಗ್ ಮಾಡುವವರು ತುಂಬ ಜನ. ಹಾಗಾಗಿ ಬೆಲ್ಟ್ ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ಸ್ಕ್ವಾಟ್‌ಗೆ, ಡೆಡ್‌ಲಿಫ್ಟ್‌ಗೆ ಬಿಗಿಯುವ ಆ ದಪ್ಪ ಪಟ್ಟಿ. ಸ್ಪರ್ಧೆಯಲ್ಲಿ ಅದು 10 ಸೆಂ.ಮೀ. ಅಗಲ, 13 ಮಿ.ಮೀ. ದಪ್ಪ ಮೀರುವ ಹಾಗಿಲ್ಲ. ಅದರ ಕೆಲಸವೇ ಬೇರೆ. ಹೆಗಲ ಮೇಲಿನ ಭಾರ ಬೆನ್ನೆಲುಬನ್ನು ಒತ್ತುವಾಗ ಹೊಟ್ಟೆಯ ಒತ್ತಡ ಹೆಚ್ಚಿಸಿ ನಡುವನ್ನು ಗಟ್ಟಿ ನಿಲ್ಲಿಸುವುದಕ್ಕೆ ಅದು ಬೇಕು. ನಾವು ನೇತಾಡುವಾಗ ಬೆನ್ನೆಲುಬಿನ ಮೇಲೆ ಒತ್ತಡ ಬೀಳುವುದಿಲ್ಲ, ಭಾರ ಅದನ್ನು ಕೆಳಕ್ಕೆ ಎಳೆಯುತ್ತದೆ. ಇಲ್ಲಿ ಬೆಲ್ಟಿಗೆ ಇರುವುದು ತೂಕ ನೇತುಹಾಕುವ ಕೆಲಸ ಮಾತ್ರ. ಮನೆಯಲ್ಲಿ ಲಿಫ್ಟಿಂಗ್ ಬೆಲ್ಟ್ ಉಂಟು, ಅದರ ಬಕಲ್‌ಗೇ ಹಗ್ಗ ಕಟ್ಟಿ ಪ್ಲೇಟ್ ಇಳಿಬಿಟ್ಟರೆ ಆಗುದಿಲ್ವಾ ಎಂದು ಕೇಳುವವರಿಗೆ ಉತ್ತರ: ಆಗುದಿಲ್ಲ ಮಾರಾಯ್ರೆ. ಆ ಬಕಲ್ ಮಾಡಿರುವುದು ಸುತ್ತ ಬಿಗಿಯಲಿಕ್ಕೆ, ಒಂದೇ ಕಡೆಯಿಂದ ಕೆಳಕ್ಕೆ ಎಳೆಸಿಕೊಳ್ಳಲಿಕ್ಕೆ ಅಲ್ಲ.

ಡಿಪ್ ಬೆಲ್ಟ್, ಅಂದರೆ ತೂಕ ನೇತುಹಾಕುವ ನಮ್ಮ ಈ ಬೆಲ್ಟ್, ಕೂರುವ ಜಾಗವೂ ಬೇರೆ. ಮುಂಡು ಕಟ್ಟುವ ಜಾಗದಲ್ಲಿ ಅಲ್ಲ, ಅದಕ್ಕಿಂತ ನಾಲ್ಕು ಬೆರಳು ಕೆಳಗೆ. ಹಿಂದೆ ಪೃಷ್ಠದ ಮೇಲ್ಭಾಗಕ್ಕೆ ಆತುಕೊಂಡು, ಪಕ್ಕದಲ್ಲಿ ಸೊಂಟದ ಎಲುಬಿನ ಮೇಲೆ ಹಾದು, ಮುಂದೆ ಓರೆಯಾಗಿ ಇಳಿದಿರಬೇಕು. ತೂಕ ಹಾಕಿದಾಗ ಭಾರ ಎಲುಬಿಗೆ ಹೋಗಬೇಕು. ಮೇಲೆ ಕಟ್ಟಿದರೆ ಅದು ನಡುವಿನ ಮೆತ್ತಗಿನ ಭಾಗವನ್ನು ಮುಂದಕ್ಕೆ ಜಗ್ಗುತ್ತದೆ. ಬೆಲ್ಟ್ ಚೆನ್ನಾಗಿಲ್ಲ, ಬೆನ್ನು ನೋಯುತ್ತದೆ ಎಂದು ಹೇಳುವವರಲ್ಲಿ ಅರ್ಧ ಜನ ಅದನ್ನು ಮೇಲೆ ಕಟ್ಟಿರುತ್ತಾರೆ ಎಂಬುದು ನನ್ನ ಅಂದಾಜು. ಹಿಂಭಾಗದ ಪಟ್ಟಿ 12ರಿಂದ 15 ಸೆಂ.ಮೀ. ಅಗಲ ಇದ್ದರೆ ಒಳ್ಳೆಯದು. ಮುಂದಕ್ಕೆ ಬರುವಾಗ ಸಪೂರ ಆಗಬೇಕು, ಇಲ್ಲದಿದ್ದರೆ ಅಂಚು ತೊಡೆಯ ಬುಡಕ್ಕೆ ಚುಚ್ಚುತ್ತದೆ. ವೆಲ್ಕ್ರೋ ಅಂಟಿಸುವ ನಮೂನೆಯದ್ದು ಬೇಡ. ಬೆವರು, ನೂಲು ಸೇರಿದ ಮೇಲೆ ವೆಲ್ಕ್ರೋ ಹಿಡಿಯುವುದಿಲ್ಲ.

ಈಗ ಕಬ್ಬಿಣದ ವಿಷಯಕ್ಕೆ ಬರುತ್ತೇನೆ. ಬೆಲ್ಟ್ ಕೈಗೆ ಬಂದ ಕೂಡಲೇ ಎರಡು ತುದಿಯ ರಿಂಗ್ ನೋಡಿ. ಸುತ್ತಲೂ ಉಗುರು ಓಡಿಸಿ. ಬೆಸುಗೆ ಹಾಕಿದ್ದಾದರೆ ಒಂದು ಕಡೆ ಸಣ್ಣ ಉಬ್ಬು ಸಿಗುತ್ತದೆ. ಬರೀ ಸರಿಗೆ ಬಗ್ಗಿಸಿ ಕೂಡಿಸಿದ್ದಾದರೆ ಉಗುರು ಸಿಕ್ಕಿಕೊಳ್ಳುವಷ್ಟು ಸಂದು ಇರುತ್ತದೆ. ಭಾರ ಬಿದ್ದಾಗ ಆ ಸಂದು ತೆರೆದುಕೊಳ್ಳುತ್ತಾ ಹೋಗುತ್ತದೆ. ಸಂದು ಸಿಕ್ಕಿದರೆ ವಾಪಸ್ ಕಳಿಸಿ, ಯೋಚನೆ ಮಾಡಬೇಡಿ. ಆಮೇಲೆ ರಿಂಗ್ ಹಿಡಿದಿರುವ ಹೊಲಿಗೆ ನೋಡಿ. ಚೌಕ ಹೊಲಿದು ಅದರೊಳಗೆ ಮೂಲೆಯಿಂದ ಮೂಲೆಗೆ ಅಡ್ಡಹೊಲಿಗೆ ಹಾಕಿದ್ದರೆ ನಂಬಬಹುದು. ಒಂದೇ ಗೆರೆಯ ಹೊಲಿಗೆ ಆದರೆ ಬೇಡ.

ಚೈನ್ ತುದಿಗೆ ಬರುವ ಕ್ಯಾರಬೀನರ್ ಬಗ್ಗೆ ನನಗೆ ಸ್ವಲ್ಪ ಸಂಶಯ ಜಾಸ್ತಿ. ಕೀ ಚೈನಿಗೆ ಹಾಕುವ ಬಣ್ಣಬಣ್ಣದ ಕೊಕ್ಕೆಯನ್ನೇ ಬೆಲ್ಟಿನ ಜೊತೆ ಕೊಡುವುದುಂಟು. ಬಂಡೆ ಹತ್ತುವವರು ಬಳಸುವ ಅಸಲಿ ಕ್ಯಾರಬೀನರಿನ ಮೈಮೇಲೆ ಅದು ತಡೆಯುವ ಬಲವನ್ನು ಕಿಲೋನ್ಯೂಟನ್‌ನಲ್ಲಿ ಕೊರೆದಿರುತ್ತಾರೆ. 20 ಕಿಲೋನ್ಯೂಟನ್ ಅಂದರೆ ಸುಮಾರು ಎರಡು ಟನ್. ಅಷ್ಟೆಲ್ಲ ನಮಗೆ ಬೇಕಾಗಿಲ್ಲ. ಆದರೆ ಏನೂ ಬರೆಯದ ಕೊಕ್ಕೆಗೆ 25 ಕಿಲೋ ನೇತುಹಾಕುವಾಗ ಒಂದು ಲೆಕ್ಕ ನೆನಪಿರಲಿ: ತೂಕ ಒಮ್ಮೆಲೇ ಬಿದ್ದಾಗ ಕೊಕ್ಕೆಗೆ ತಾಗುವ ಬಲ ಕಡಿಮೆಯೆಂದರೂ ಇಮ್ಮಡಿ. ಬಾರಿನಿಂದ ಕೆಳಗೆ ಹಾರಿದರೆ ಇನ್ನೂ ಹೆಚ್ಚು. ಬಿದ್ದರೆ ಪ್ಲೇಟ್ ಬೀಳುವುದು ಕಾಲ್ಬೆರಳ ಮೇಲೆ.

ಇಲ್ಲಿ ನಮ್ಮ ಊರಿನವರಿಗೆ ಒಂದು ಅನುಕೂಲ ಉಂಟು. ಮಂಗಳೂರಿನ ಬಂದರು, ಧಕ್ಕೆ ಕಡೆ, ಉಡುಪಿಯವರಾದರೆ ಮಲ್ಪೆಯಲ್ಲಿ, ಬೋಟಿನ ಸಾಮಾನು ಮಾರುವ ಅಂಗಡಿಗೆ ಹೋಗಿ. ಸ್ಟೀಲ್ ಚೈನನ್ನು ಅಳೆದು ಕತ್ತರಿಸಿ ಕೊಡುತ್ತಾರೆ, ಕೊಕ್ಕೆಯ ಬದಲಿಗೆ ಡಿ ಶ್ಯಾಕಲ್ (ಪಿನ್ ತಿರುಗಿಸಿ ಮುಚ್ಚುವ ಗಟ್ಟಿ ಕೊಂಡಿ) ಸಿಗುತ್ತದೆ. ಸ್ಟೀಲಿನಲ್ಲೂ 304, 316 ಎಂದು ಎರಡು ಬಗೆ ಕೇಳಿ ಬರುತ್ತದೆ. 316ರಲ್ಲಿ ಮಾಲಿಬ್ಡಿನಂ ಸೇರಿರುವುದರಿಂದ ಉಪ್ಪಿನ ಗಾಳಿಗೆ ಅದು ಹೆಚ್ಚು ತಡೆಯುತ್ತದೆ, ದರವೂ ಹೆಚ್ಚು. ಜಿಮ್ಮಿಗೆ 304 ಧಾರಾಳ ಸಾಕು. ಆನ್‌ಲೈನ್ ಬೆಲ್ಟಿನ ಜೊತೆ ಬರುವುದು ಹೆಚ್ಚಾಗಿ ಸತುವಿನ ಲೇಪ ಕೊಟ್ಟ ಕಬ್ಬಿಣದ ಚೈನು. ಕೊಂಡಿಗೆ ಕೊಂಡಿ ಉಜ್ಜುವ ಜಾಗದಲ್ಲಿ ಮೊದಲು ಲೇಪ ಹೋಗುತ್ತದೆ, ಅಲ್ಲಿಂದಲೇ ತುಕ್ಕು ಶುರು. ಒಂದು ಮಳೆಗಾಲ ಕಳೆಯುವಾಗ ಬಿಳಿ ಬನಿಯನ್ನಿನ ಮೇಲೆ ಕೆಂಪು ಗೆರೆ ಕಾಣುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ. ಬೆಲ್ಟ್ ಚೆನ್ನಾಗಿದ್ದು ಚೈನ್ ಮಾತ್ರ ಹೀಗಾದರೆ ಬೆಲ್ಟ್ ಬಿಸಾಡಬೇಡಿ, ಚೈನ್ ಮಾತ್ರ ಬದಲಿಸಿ.

ಲೆದರ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನಿಜ ಹೇಳಬೇಕೆಂದರೆ 40 ಕಿಲೋ ದಾಟಿದ ಮೇಲೆ ಲೆದರೇ ಹಿತ. ನೈಲಾನ್ ಆ ಭಾರಕ್ಕೆ ಮಡಚಿಕೊಂಡು ಹಗ್ಗದ ಹಾಗೆ ಸಪೂರವಾಗಿ ಸೊಂಟದ ಎಲುಬಿಗೆ ಕೊರೆಯುತ್ತದೆ, ದಪ್ಪ ಲೆದರ್ ಅಗಲವಾಗಿಯೇ ನಿಲ್ಲುತ್ತದೆ. ಬೆಂಗಳೂರಿನ ಗೆಳೆಯರು ಕಣ್ಣುಮುಚ್ಚಿ ಲೆದರ್ ಹೇಳುವುದು ಅದಕ್ಕೇ. ಆದರೆ ಅವರಿಗೇನು, ಅವರ ಹವೆ ಬೇರೆ. ವರ್ಷಕ್ಕೆ 3,500 ಮಿ.ಮೀ. ಮಳೆ ಬೀಳುವ ನಮ್ಮಲ್ಲಿ ಜೂನ್ ತಿಂಗಳಲ್ಲಿ ಕಪಾಟಿನಲ್ಲಿಟ್ಟ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ಬೆವರು ಕುಡಿದ ಲೆದರ್ ಬೆಲ್ಟನ್ನು ಬ್ಯಾಗಿನಲ್ಲೇ ಬಿಟ್ಟರೆ ಕೇಳುವುದೇ ಬೇಡ. ಒಳಗಿನ ರಿವೆಟ್ ತುಕ್ಕು ಹಿಡಿದರೆ ಹೊರಗಿನಿಂದ ಕಾಣುವುದೂ ಇಲ್ಲ. ದಿನಾ ಒರೆಸಿ, ಗಾಳಿಗೆ ಹಾಕಿ, ಆಗಾಗ ಎಣ್ಣೆ ಹಚ್ಚುವ ತಾಳ್ಮೆ ಇದ್ದವರು ತೆಗೊಳ್ಳಿ. ನೈಲಾನಾದರೆ ಬಕೆಟ್ಟಿನಲ್ಲಿ ಅದ್ದಿ ತೊಳೆದು ಫ್ಯಾನಿನ ಅಡಿಗೆ ಹಾಕಿದರೆ ಮುಗಿಯಿತು. ನಿಯೋಪ್ರೀನ್ (ಸ್ಪಂಜಿನಂಥ ರಬ್ಬರ್) ಮೈಗೆ ಮೆತ್ತಗೆ, ಆದರೆ ಒಣಗುವುದಿಲ್ಲ, ವಾಸನೆ ಬರುತ್ತದೆ. ನನ್ನ ಮತ ಅದಕ್ಕಿಲ್ಲ.

ಮನೆಯಲ್ಲಿ ಮಾಡುವವರು ಇನ್ನೊಂದು ನೋಡಬೇಕು, ಪ್ಲೇಟಿನ ತೂತು. ದೊಡ್ಡ ಜಿಮ್ಮಿನ ಒಲಿಂಪಿಕ್ ಪ್ಲೇಟಿನ ತೂತು 50 ಮಿ.ಮೀ., ಏನು ಬೇಕಾದರೂ ದಾಟುತ್ತದೆ. ಮನೆಗೆ ತರುವ ರಬ್ಬರ್ ಪ್ಲೇಟುಗಳದ್ದು ಅದರ ಅರ್ಧದ ಆಸುಪಾಸು. 8 ಮಿ.ಮೀ. ದಪ್ಪದ ಚೈನ್ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, 5 ಅಥವಾ 6 ಮಿ.ಮೀ. ಸಾಕು. ಪ್ಲೇಟ್ ದೊಡ್ಡದಾದಷ್ಟೂ ತೊಡೆಗೆ ಬಡಿಯುತ್ತದೆ. 45 ಸೆಂ.ಮೀ. ವ್ಯಾಸದ ಬಂಪರ್ ಪ್ಲೇಟ್ (ದಪ್ಪ ರಬ್ಬರಿನದ್ದು) ನೇತುಹಾಕಿಕೊಂಡು ಪುಲ್‌ಅಪ್ ಮಾಡಲು ಹೋದರೆ ಗೊತ್ತಾಗುತ್ತದೆ. ಒಂದು 20ರ ಬದಲು ಎರಡು 10ರ ಕಬ್ಬಿಣದ ಪ್ಲೇಟ್ ಹಾಕಿ. ಚೈನ್ ಉದ್ದ ಎಷ್ಟಿರಬೇಕೆಂದರೆ ಪ್ಲೇಟ್ ತೊಡೆಗಳ ನಡುವೆ, ಮೊಣಕಾಲಿಗಿಂತ ಮೇಲೆ ನಿಲ್ಲಬೇಕು. ಉದ್ದ ಹೆಚ್ಚಾದರೆ ಲೋಲಕವಾಗಿ ತೂಗುತ್ತದೆ, ಗಿಡ್ಡವಾದರೆ ಎಲ್ಲಿ ಬಡಿಯುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಪಿಲಿವೇಷದಲ್ಲಿ, ಅಂದರೆ ಹುಲಿವೇಷದ ಕುಣಿತದಲ್ಲಿ, ಅಕ್ಕಿಮುಡಿಯನ್ನು (ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಹಲ್ಲಿನಿಂದ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುವ ಊರು ನಮ್ಮದು. ತೂಕ ಅಂದರೆ 20ರಿಂದಲೇ ಶುರು ಮಾಡುವ ಹುಮ್ಮಸ್ಸು ಹುಡುಗರಿಗೆ. ಲೆಕ್ಕ ಹಾಕಿ ನೋಡಿ: 70 ಕಿಲೋ ಇರುವವರು 5 ಕಿಲೋ ಕಟ್ಟಿದರೆ ಎಳೆಯುವುದು 75, ಅಂದರೆ ಒಮ್ಮೆಲೇ ನೂರಕ್ಕೆ ಏಳು ಹೆಚ್ಚು. ಎರಡೂವರೆಯಿಂದ ಶುರು ಮಾಡಿ. ತೂಕ ಇಲ್ಲದೆ, ಜರ್ಕ್ ಹೊಡೆಯದೆ, ಪೂರ್ತಿ ಕೆಳಗಿಳಿದು ಹತ್ತು ಪುಲ್‌ಅಪ್ ಆಗದವರು ಬೆಲ್ಟಿನ ದುಡ್ಡು ಸದ್ಯ ಉಳಿಸಿ. ಪರೀಕ್ಷೆಗೆಂದು ಐದಾರು ಕಿಲೋ ಹಾಕಿ ನೋಡುವ ಆಸೆಗೆ ಪಾದಗಳ ನಡುವೆ ಡಂಬೆಲ್ ಹಿಡಿದರೂ ನಡೆಯುತ್ತದೆ. ಬ್ಯಾಗಿಗೆ ನೀರಿನ ಬಾಟಲಿ ತುಂಬಿಸಿ ಬೆನ್ನಿಗೆ ಹಾಕಿಕೊಂಡರೆ ಹೆಗಲನ್ನು ಹಿಂದಕ್ಕೆ ಎಳೆಯುತ್ತದೆ, ಡಿಪ್ಸ್‌ನಲ್ಲಂತೂ ನನಗೆ ಅದು ಸರಿಬರುವುದಿಲ್ಲ.

ಬೆಲ್ಟ್ ಕಟ್ಟಿದ ಮೇಲೆ ಬಾರಿಗೆ ಹಾರಬೇಡಿ, ಸೆಟ್ ಮುಗಿದ ಮೇಲೆ ಕೆಳಗೂ ಹಾರಬೇಡಿ. ಒಂದು ಗಟ್ಟಿ ಸ್ಟೂಲ್ ಇಟ್ಟುಕೊಳ್ಳಿ, ಪ್ಲಾಸ್ಟಿಕ್ ಕುರ್ಚಿ ಅಲ್ಲ. ಮನೆಗೆ ಹೋಗುವಾಗ ಬೆಲ್ಟನ್ನು ಸ್ಕೂಟರಿನ ಡಿಕ್ಕಿಯಲ್ಲಿ ಬಿಡಬೇಡಿ, ಮುಖ್ಯವಾಗಿ ಆಷಾಢದಲ್ಲಿ.